ಸರ್ವೆ ನಂಬರಿನಿಂದಲ್ಲ, ಹೆಸರಿನಿಂದ ಹುಡುಕಲು ಬಿಡಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಹಾಗೂ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ,

ನಾನು ಮಲಪ್ರಭೆಯ ದಂಡೆಯ ಒಂದು ಹಳ್ಳಿಯವಳು. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ನಿವೃತ್ತಿಯ ಮರುವರ್ಷದಿಂದ ನಮ್ಮ ಮನೆತನದ ವಂಶಾವಳಿಯನ್ನು ದಾಖಲೆಗಳ ಆಧಾರದ ಮೇಲೆ ಬರೆಯುತ್ತಿದ್ದೇನೆ. ಆಸ್ತಿಯ ವ್ಯಾಜ್ಯ ಯಾವುದೂ ಇಲ್ಲ, ಯಾರ ಮೇಲೂ ದಾವೆ ಹೂಡುವುದಿಲ್ಲ. ನಮ್ಮ ಹಿಂದೆ ಬದುಕಿದವರು ಯಾರು, ಎಲ್ಲಿಂದ ಬಂದರು ಎಂದು ತಿಳಿಯುವ ಆಸೆಯಷ್ಟೇ ಇದೆ. ಈ ಕೆಲಸಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ವರ್ಷಗಳಲ್ಲಿ ಕಂಡದ್ದನ್ನು ತಮ್ಮ ಮುಂದೆ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

2024ರಲ್ಲಿ ಭೂ ಸುರಕ್ಷಾ ಯೋಜನೆ ಆರಂಭವಾಗಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾದಾಗ ನನಗೆ ಆದ ಸಂತೋಷವನ್ನು ಹೇಳತೀರದು. ಕೆಂಪು ಬಟ್ಟೆಯ ಕಟ್ಟುಗಳನ್ನು ಬಿಚ್ಚಿದರೆ ಪುಡಿಯಾಗಿ ಉದುರುವ ಹಾಳೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವುಗಳ ಚಿತ್ರವಾದರೂ ಉಳಿಯುತ್ತದೆ ಎಂಬುದು ದೊಡ್ಡ ಸಮಾಧಾನ. ಆದರೆ ಉಳಿದದ್ದು ಜನರ ಕೈಗೆ ಸಿಗಬೇಕಾದರೆ ಇನ್ನೊಂದು ಕೆಲಸ ಬಾಕಿ ಇದೆ: ಆ ಕಡತಗಳಲ್ಲಿನ ಹೆಸರುಗಳಿಗೆ ಒಂದು ಸೂಚಿ ಮಾಡಿಸುವುದು. ಈ ಪತ್ರದಲ್ಲಿ ನಾನು ಮುಖ್ಯವಾಗಿ ಕೇಳುವುದು ಅದನ್ನೇ.

ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅವ್ವ ಇರುವಾಗ ಒಂದೊಂದು ಹೆಸರು ಹೇಳಿ ಒಂದೊಂದು ಎಡೆ ಹಿಡಿಯುತ್ತಿದ್ದಳು. ಮುತ್ತಜ್ಜನ ಹೆಸರು ಹೇಳಿ, ಅವನ ಪಕ್ಕದ ಎಡೆಗೆ ಬಂದಾಗ ಮಾತ್ರ "ಮುತ್ತಜ್ಜಿಗೆ" ಎಂದು ಮುಂದೆ ಹೋಗುತ್ತಿದ್ದಳು. ಅವಳ ಹೆಸರು ಅವ್ವನಿಗೆ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. 1918ರಲ್ಲಿ, ನಮ್ಮ ಕಡೆ ಮಾನಮೋಡಿ ಬೇನೆ ಎಂದು ಕರೆಯುವ ಇನ್‌ಫ್ಲುಯೆಂಜಾದಲ್ಲಿ ಮುತ್ತಜ್ಜ ತೀರಿಕೊಂಡಾಗ ಅವಳು ಎರಡು ಸಣ್ಣ ಗಂಡುಮಕ್ಕಳನ್ನು ಕಟ್ಟಿಕೊಂಡು ಹೊಲ ಉಳಿಸಿಕೊಂಡಳು ಎಂಬುದೊಂದೇ ನಮ್ಮ ಮನೆಯ ನೆನಪು. ಅಷ್ಟು ಮಾಡಿದವಳ ಹೆಸರನ್ನೇ ಮೂರು ತಲೆಮಾರಿನಲ್ಲಿ ಮರೆತಿದ್ದೆವು.

ತಾಲ್ಲೂಕು ಕಚೇರಿಗೆ ಹೋದೆ. ಮೊದಲ ಪ್ರಶ್ನೆಯೇ "ಸರ್ವೆ ನಂಬರ್ ಹೇಳಿ" ಎಂದಾಗಿತ್ತು. ಈಗಿನ ನಂಬರ್ ನನಗೆ ಗೊತ್ತಿತ್ತು, ಆಗಿನದು ಗೊತ್ತಿರಲಿಲ್ಲ. ನಡುವೆ ಹಿಸ್ಸೆಗಳಾಗಿವೆ, ಪೋಡಿಯಾಗಿ ನಂಬರ್ ಒಡೆದಿದೆ, ಮಾರಾಟವಾಗಿದೆ. ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರಬಂದ್ ನೋಡಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕಿದ್ದು ಒಂದು ವಾರಸಾ ನೋಂದಣಿ. ಆಗ ನಮ್ಮ ಕಡೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1903ರಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದ ಮೇಲೆ, ಖಾತೆದಾರ ತೀರಿಕೊಂಡಾಗಲೆಲ್ಲ ಅವನ ವಾರಸುದಾರರನ್ನು ಬರೆದಿಡುವ ಪದ್ಧತಿ ಹಳ್ಳಿಹಳ್ಳಿಗೂ ಬಂತು. ಅದಕ್ಕೂ ಮೊದಲಿನ ಕಾಗದಗಳಲ್ಲಿ ಸರಕಾರಕ್ಕೆ ಬೇಕಿದ್ದುದು ಕಂದಾಯ ಕಟ್ಟುವವನ ಹೆಸರು ಮಾತ್ರ. ಹೀಗಾಗಿ ನಮ್ಮ ಕಡೆಯ ಸಾಮಾನ್ಯ ರೈತನ ಮನೆತನಕ್ಕೆ ಈ ವಾರಸಾ ಪುಟಗಳೇ ವಂಶಾವಳಿ. ಆ ಪುಟದಲ್ಲಿ ಮುತ್ತಜ್ಜನ ಹೆಸರಿನ ಮುಂದೆ "ಮಯತ", ಅಂದರೆ ತೀರಿಕೊಂಡವನು, ಎಂದಿತ್ತು. ಕೆಳಗೆ ನನ್ನ ಅಜ್ಜ ಮತ್ತು ಅವನ ತಮ್ಮನ ಹೆಸರು. ಅದರ ಕೆಳಗೆ "ಅ.ಪಾ.ಕ. ತಾಯಿ".

ಅಜ್ಞಾನ ಪಾಲನಕರ್ತ ತಾಯಿ. ಅಪ್ರಾಪ್ತ ಮಕ್ಕಳನ್ನು ನೋಡಿಕೊಳ್ಳುವವಳು ಅವರ ತಾಯಿ ಎಂದು ಬರೆದ ಗುಮಾಸ್ತನಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ತಾಯಿಯ ಹೆಸರು ಕೇಳಬೇಕೆಂದು ಅವನಿಗೆ ಅನಿಸಲಿಲ್ಲ. ಆ ದಿನ ರೆಕಾರ್ಡ್ ರೂಮಿನ ಹೊರಗಿನ ಕಟ್ಟೆಯ ಮೇಲೆ ಕುಳಿತು ನಾನು ಅತ್ತಿದ್ದೇನೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೆಸರು ಕೊನೆಗೂ ಸಿಕ್ಕಿದ್ದು ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಅಲ್ಲ, ಉಪನೋಂದಣಿ ಕಚೇರಿಯಲ್ಲಿ. ಅದು ಹೇಗೆ ಸಿಕ್ಕಿತು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಉಪನೋಂದಣಿ ಕಚೇರಿಯಲ್ಲೂ ಸೂಚಿಗಳನ್ನು ಇಡಬೇಕು. ಒಂದನೆಯ ಸೂಚಿಯಲ್ಲಿ ಪತ್ರ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರುಗಳಿರುತ್ತವೆ, ಎರಡನೆಯದರಲ್ಲಿ ಆಸ್ತಿಯ ವಿವರ ಇರುತ್ತದೆ. ಅಂದರೆ ನೂರು ವರ್ಷಕ್ಕೂ ಹಿಂದೆಯೇ, ಕಂಪ್ಯೂಟರಿನ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಮನುಷ್ಯನ ಹೆಸರು ಹಿಡಿದು ದಾಖಲೆ ಹುಡುಕುವ ದಾರಿಯನ್ನು ಕಾನೂನೇ ಮಾಡಿಕೊಟ್ಟಿತ್ತು. ನಾನು ಅಜ್ಜನ ಹೆಸರು ಹಿಡಿದು 1919ರಿಂದ ಒಂದೊಂದೇ ವರ್ಷದ ಸೂಚಿ ನೋಡುತ್ತ ಬಂದೆ. ಶುಲ್ಕ ಕಟ್ಟಿದೆ, ಅಲ್ಲಿನ ಹಿರಿಯ ಗುಮಾಸ್ತರು ಸಹನೆಯಿಂದ ಪುಸ್ತಕ ತೆಗೆದುಕೊಟ್ಟರು. ಆರನೆಯ ವರ್ಷದ ಸೂಚಿಯಲ್ಲಿ ಅಜ್ಜನ ಹೆಸರಿತ್ತು. ಆಗ ಅವನಿನ್ನೂ ಹುಡುಗ. ಎತ್ತು ಕೊಳ್ಳಲು ಮಾಡಿದ ಸಾಲಕ್ಕೆ ಹೊಲವನ್ನು ಒತ್ತೆ ಇಟ್ಟ ಪತ್ರ ಅದು. ಅಪ್ರಾಪ್ತ ಮಕ್ಕಳ ಪರವಾಗಿ ಬರೆದುಕೊಟ್ಟವಳು ತಾಯಿ. ಅಲ್ಲಿ ಅವಳ ಹೆಸರು ಪೂರ್ತಿಯಾಗಿತ್ತು, "ಕೋಂ" ಎಂದು ಗಂಡನ ಹೆಸರಿತ್ತು, ಎಡಗೈ ಹೆಬ್ಬೆಟ್ಟಿನ ಗುರುತು ಇತ್ತೆಂಬ ಟಿಪ್ಪಣಿ ಇತ್ತು. ಸಾಕ್ಷಿದಾರರಲ್ಲಿ ಒಬ್ಬನ ಊರು ನರಗುಂದದ ಕಡೆಯದು, ಸಂಬಂಧದಲ್ಲಿ ಅವಳ ತಮ್ಮ. ಒಂದೇ ಹಾಳೆಯಲ್ಲಿ ಅವಳ ಹೆಸರು ಮತ್ತು ತವರು ಎರಡೂ ನಮಗೆ ದೊರೆತವು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯದು. ಈಗ ಎಡೆ ಇಡುವಾಗ ಹೇಳುತ್ತೇವೆ.

ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವಾಗ ಊರು, ಸರ್ವೆ ನಂಬರ್, ವರ್ಷ, ಕಡತದ ಬಗೆ ಇಷ್ಟನ್ನು ಬರೆದುಕೊಂಡರೆ ಕಚೇರಿಯ ಕೆಲಸ ಸಾಗುತ್ತದೆ ಎಂಬುದು ನಿಜ. ಹೊಲ ಇರುವವನಿಗೆ, ಮಾರುವವನಿಗೆ, ಕೊಳ್ಳುವವನಿಗೆ ಅಷ್ಟು ಸಾಕು. ಆದರೆ ಊರು ಬಿಟ್ಟು ಎರಡು ತಲೆಮಾರಾದವರಿಗೆ ಯಾವ ಸರ್ವೆ ನಂಬರ್ ಗೊತ್ತಿರುತ್ತದೆ? ಮುಂಬಯಿಯ ಗಿರಣಿಗಳಿಗೆ, ಸೊಲ್ಲಾಪುರಕ್ಕೆ, ಬೆಂಗಳೂರಿಗೆ ಹೋದವರ ಮೊಮ್ಮಕ್ಕಳಲ್ಲಿ ಉಳಿದಿರುವುದು ಒಂದು ಹೆಸರು, ಒಂದು ಊರು. ಆ ಎರಡನ್ನು ಹಿಡಿದು ಬಂದವರಿಗೆ ಬಾಗಿಲು ತೆರೆಯಬೇಕು. ವಾರಸಾ ಪುಟ, ಹಕ್ಕು ಬದಲಾವಣೆಯ ಪುಟ, ಭೂ ನ್ಯಾಯಮಂಡಳಿಯ ಕಡತ, ಇನಾಮು (ಕಂದಾಯ ಬಿಟ್ಟುಕೊಟ್ಟ ಭೂಮಿ) ಕಡತ, ಇವುಗಳಲ್ಲಿ ಬರುವ ಪ್ರತಿಯೊಬ್ಬರ ಹೆಸರಿಗೂ ಒಂದು ಸೂಚಿ ಮಾಡಿಸಿ. ಖಾತೆದಾರನದು ಮಾತ್ರ ಸಾಲದು. ವಾರಸುದಾರರು, ವಿಧವೆಯರು, ಪಾಲಕರು, ಗೇಣಿದಾರರು, ಸಾಕ್ಷಿಗಳು ಎಲ್ಲರದೂ ಬೇಕು.

ಬೇರೆ ದೇಶಗಳಲ್ಲಿ ಈ ಕೆಲಸಕ್ಕೆ ಜನಗಣತಿ ಇದೆ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನು ಜನರಿಗೆ ತೆರೆಯುತ್ತಾರೆ. 1950ರ ಗಣತಿಯನ್ನು 2022ರ ಏಪ್ರಿಲ್‌ನಲ್ಲಿ ತೆರೆದರು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಅಂಥ ಹಾಳೆಗಳನ್ನು ಯಾರೂ ನೋಡುವಂತಿಲ್ಲ ಎನ್ನುತ್ತದೆ. ಜನನ ಮರಣ ನೋಂದಣಿಯ 1969ರ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲಿನ ಹುಟ್ಟು ಸಾವಿನ ರಿಜಿಸ್ಟರುಗಳು ಎಲ್ಲೋ ಕೆಲವು ಉಳಿದಿವೆ. ನಮ್ಮ ಊರಿನ 1918ರದು ಗೆದ್ದಲಿನ ಪಾಲಾಗಿತ್ತು. ಹಾಗಾದರೆ ಒಬ್ಬ ಸಾಮಾನ್ಯ ಮನುಷ್ಯ ಬದುಕಿದ್ದ ಎನ್ನುವುದಕ್ಕೆ ಉಳಿಯುವ ಗುರುತು ತಮ್ಮ ಇಲಾಖೆಯ ಕಾಗದ, ಇನ್ನೊಂದು ಶಾಲೆಯ ದಾಖಲಾತಿ ರಿಜಿಸ್ಟರು. ನಾನು ಶಾಲೆಯವಳಾದ್ದರಿಂದ ಈ ಎರಡನೆಯದರ ಬಗ್ಗೆ ಅಭಿಮಾನದಿಂದ ಹೇಳುತ್ತೇನೆ. ಮರಾಠಿ ಮೆರೆಯುತ್ತಿದ್ದ ಕಾಲದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿಯದೆ ಹೋಗಿದ್ದರೆ ನಮ್ಮ ಹಿರಿಯರ ಹೆಸರುಗಳು ಆ ರಿಜಿಸ್ಟರುಗಳಲ್ಲಿ ಕನ್ನಡದಲ್ಲಿ ಇರುತ್ತಿರಲಿಲ್ಲ. ಶತಮಾನ ಕಂಡ ಶಾಲೆಗಳ ಕಪಾಟಿನಲ್ಲಿ ಈ ಪುಸ್ತಕಗಳು ಸುಣ್ಣದ ಡಬ್ಬಿಗಳ ಪಕ್ಕದಲ್ಲಿ ಬಿದ್ದಿವೆ. ಅವು ಶಿಕ್ಷಣ ಇಲಾಖೆಗೆ ಸೇರಿದವು, ತಮ್ಮ ಇಲಾಖೆಗಲ್ಲ, ಬಲ್ಲೆ. ಆದರೂ ಪತ್ರಾಗಾರದವರು ಒಂದು ಮಾತು ಹೇಳಿದರೆ ಅವು ಉಳಿದಾವು.

ಸೂಚಿ ಮಾಡುವವರಿಗೆ ದಾಖಲೆಯ ನುಡಿ ಗೊತ್ತಿರಬೇಕು. ಕಂಪ್ಯೂಟರ್ ಕಲಿತ ಹುಡುಗರನ್ನು ಗುತ್ತಿಗೆಯ ಮೇಲೆ ತಂದು ಕೂರಿಸಿದರೆ ಆಗುವ ಕೆಲಸವಲ್ಲ ಇದು. "ಬಿನ್" ಎಂದರೆ ಮಗ, "ಕೋಂ" ಅಥವಾ "ಮರ್ದ" ಎಂದರೆ ಹೆಂಡತಿಯ ಹೆಸರಿನ ಮುಂದೆ ಬರುವ ಗಂಡನ ಗುರುತು, "ವಲದ್" ಎಂದು ನಿಜಾಮರ ಸೀಮೆಯ ಕಡೆ ಬರೆಯುತ್ತಾರೆ, "ಯಾನೆ" ಎಂದರೆ ಆ ಮನುಷ್ಯನಿಗೆ ಇನ್ನೊಂದು ಹೆಸರಿದೆ ಎಂದರ್ಥ. ಈ ಯಾನೆ ಎಂಬ ಎರಡಕ್ಷರವನ್ನು ಬಿಟ್ಟುಬಿಟ್ಟರೆ ಒಬ್ಬನೇ ಮನುಷ್ಯ ಇಬ್ಬರಾಗಿ ವಂಶವೃಕ್ಷದಲ್ಲಿ ಸುಳ್ಳು ಕೊಂಬೆಯೊಂದು ಹುಟ್ಟುತ್ತದೆ. ನಾನೇ ಎರಡು ವರ್ಷ ಅಂಥ ಕೊಂಬೆಯನ್ನು ನೀರೆರೆದು ಸಾಕಿದ್ದೆ. ಹಳೆಯ ಕಂದಾಯ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕದ ಲೆಕ್ಕ ಸಿಗುತ್ತದೆ ಎಂಬುದು ಗೊತ್ತಿಲ್ಲದವನಿಗೆ ಫಸಲಿ 1260 ಎಂಬುದು ಬರೆದವನ ಕೈತಪ್ಪಿನಂತೆ ಕಾಣುತ್ತದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ಧಾತು ಸಂವತ್ಸರ ಎಂದಷ್ಟೇ ಇದ್ದರೆ ಅದು 1876ರ ದೊಡ್ಡ ಬರದ ಧಾತುವೋ, 1816ರ ಧಾತುವೋ ಎಂದು ಬೇರೆ ಸಾಕ್ಷ್ಯದಿಂದ ತೀರ್ಮಾನಿಸಬೇಕು.

ಇನ್ನೂ ಹಿಂದಕ್ಕೆ ಹೋದರೆ ಲಿಪಿಯೇ ಬೇರೆ. ಧಾರವಾಡ, ಬೆಳಗಾವಿ, ವಿಜಯಪುರದ ಹಳೆಯ ಕಾಗದಗಳು ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿವೆ, ಕಲಬುರಗಿ, ಬೀದರ, ರಾಯಚೂರಿನವು ಉರ್ದುವಿನಲ್ಲಿವೆ. ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಮೋಡಿ ಕಲಿತೆ. ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ತೂಗುಹಾಕಿದಂತೆ ಕೈಯೆತ್ತದೆ ಬರೆಯುತ್ತ ಹೋಗುವ ಲಿಪಿ ಅದು. ಒಂದು ಶಬ್ದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ. ಅದರಲ್ಲಿ ಕನ್ನಡದ ಹೆಸರೊಂದನ್ನು ಮರಾಠಿ ಕಿವಿಯವರು ಬರೆದಿದ್ದರೆ, ಅದನ್ನು ಗಟ್ಟಿಯಾಗಿ ಹತ್ತು ಸಲ ಓದಿ ನೋಡಬೇಕು. ನಮ್ಮ ಊರಿನ ಗೌಡರ ಅಟ್ಟದಲ್ಲಿ ಸಿಕ್ಕ ಒಂದು ಕಬೂಲಾಯತನ್ನು (ಒಪ್ಪಿಗೆ ಪತ್ರವನ್ನು) ಓದಲು ನನಗೆ ಮೂರು ವಾರ ಬೇಕಾಯಿತು. ಓದಿದಾಗ ಮುತ್ತಜ್ಜನ ಅಜ್ಜ ಎದುರಿಗೆ ಬಂದು ನಿಂತಂತಾಯಿತು. ಮೋಡಿ ಓದಬಲ್ಲವರು ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟಿದ್ದಾರೆ, ಅವರಲ್ಲಿ ಹೆಚ್ಚಿನವರು ನನಗಿಂತ ಹಿರಿಯರು. ಅವರಿಗೆ ಗೌರವಧನ ಕೊಟ್ಟು, ಪ್ರತಿಯೊಬ್ಬರ ಕೈಕೆಳಗೆ ನಾಲ್ಕು ಜನ ಯುವಕರನ್ನು ಕಲಿಯಲು ಕೂರಿಸಿ. ಪುಣೆಯ ಪತ್ರಾಗಾರದಲ್ಲಿ ಪೇಶ್ವೆಗಳ ಆಡಳಿತದ ಕಾಗದಗಳ ಸಂಗ್ರಹವಾದ ಪೇಶ್ವೆ ದಫ್ತರವಿದೆ. 1852ರ ಕಾಯ್ದೆಯ ಕೆಳಗೆ ನಡೆದ ಇನಾಮು ವಿಚಾರಣೆಗಳಲ್ಲಿ ನಮ್ಮ ಹಳ್ಳಿಗಳ ಮನೆತನಗಳೂ ತಮ್ಮ ಹಕ್ಕು ತೋರಿಸಲು ವಂಶಾವಳಿ ಒಪ್ಪಿಸಬೇಕಾಗಿತ್ತು. ಕರ್ನಾಟಕಕ್ಕೆ ಸಂಬಂಧಪಟ್ಟ ಅಂಥ ಕಾಗದಗಳ ಪ್ರತಿಯನ್ನು ಕೇಳಿ ತರಿಸುವುದು ನಿರ್ದೇಶಕರಿಗೆ ಸಾಧ್ಯವಿದೆ.

ಇಷ್ಟೆಲ್ಲ ಹೇಳಿದ್ದು ಹೊಲ ಇದ್ದವರ ಮಾತಾಯಿತು. ಹೊಲವೇ ಇಲ್ಲದವರು?

ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳತಿಯೊಬ್ಬಳು ತಳವಾರಿಕೆ ಮಾಡುತ್ತಿದ್ದ ದಲಿತ ಮನೆತನದವಳು. ನನ್ನ ಕೆಲಸ ನೋಡಿ, "ನಮ್ಮದು ಎಲ್ಲಿ ಸಿಗಬೇಕು ಅಕ್ಕಾ, ನಾವು ಯಾವ ಕಾಗದದಲ್ಲಿದ್ದೇವೆ?" ಎಂದಳು. ಸಿಕ್ಕಿತು. ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿಯಂಥವರ ಚಾಕರಿಯೂ ರದ್ದಾಗಿ, ಚಾಕರಿಗೆಂದು ಇದ್ದ ಭೂಮಿಯನ್ನು ಅವರ ಹೆಸರಿಗೇ ಮರುಮಂಜೂರು ಮಾಡುವ ಅವಕಾಶ ಬಂತು. ಮರುಮಂಜೂರಿಗೆ ಅರ್ಜಿ ಹಾಕಿದವರು ತಾವೇ ಹಕ್ಕುದಾರರೆಂದು ತೋರಿಸಬೇಕಿತ್ತು. ಅವಳ ಅಜ್ಜನ ಅರ್ಜಿಯ ಜೊತೆ ನಾಲ್ಕು ತಲೆಮಾರಿನ ವಂಶಾವಳಿ ಲಗತ್ತಾಗಿತ್ತು. ಯಾರೋ ಊರಿನ ಮಾಸ್ತರರು ಬರೆದುಕೊಟ್ಟದ್ದಿರಬೇಕು, ಅಕ್ಷರ ದುಂಡಗೆ ಮುದ್ದಾಗಿತ್ತು. ಆ ಹಾಳೆಯ ಮುಂದೆ ಅವಳು ಮಾತಿಲ್ಲದೆ ನಿಂತಿದ್ದಳು. 1974ರ ಭೂ ಸುಧಾರಣೆಯ ನಂತರ ಗೇಣಿದಾರರು ಉಳುವ ಭೂಮಿಯ ಹಕ್ಕು ಕೇಳಿ ಸಲ್ಲಿಸಿದ ಫಾರಂ ನಂಬರ್ 7ರ ಕಡತಗಳಲ್ಲೂ ಹೀಗೆಯೇ, ಬೇರೆಲ್ಲೂ ಬರೆಯದ ಜನರ ಹೆಸರುಗಳಿವೆ. ಅವರ ಮೊಮ್ಮಕ್ಕಳಿಗೆ ಆ ಕಡತಗಳಿವೆ ಎಂಬುದೇ ಗೊತ್ತಿಲ್ಲ. ಹೆಸರಿನ ಸೂಚಿಯಾದರೆ ಎಲ್ಲರಿಗಿಂತ ಹೆಚ್ಚು ಉಪಕಾರವಾಗುವುದು ಇವರಿಗೆ. ಸ್ಕ್ಯಾನಿಂಗಿನಲ್ಲಿ ಈ ಕಡತಗಳನ್ನು "ಈಗ ಬಳಕೆಯಲ್ಲಿಲ್ಲ" ಎಂದು ಕೊನೆಗೆ ತಳ್ಳಬೇಡಿ.

ಇನ್ನು ಹೆಣ್ಣುಮಕ್ಕಳ ಮಾತು. ತಮ್ಮ ಇಲಾಖೆ ಕೊಡುವ ವಂಶವೃಕ್ಷದಲ್ಲಿ ಮೇಲ್ಗಡೆ "ಮೂಲಪುರುಷ" ಎಂದು ಬರೆಯುವುದು ವಾಡಿಕೆ. ಮೂಲದಲ್ಲಿ ಪುರುಷನೊಬ್ಬನೇ ಇದ್ದರೆ ಮುಂದಿನ ಗೆರೆ ಹೇಗೆ ಇಳಿಯುತ್ತದೆ? ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಕವರು, ಅಂದರೆ ಮನೆತನದ ಕವಲು, ಲೆಕ್ಕ ಹಾಕುವುದೇ ಹೆಣ್ಣಿನಿಂದ, ಅಲ್ಲಿಯ ವಂಶಾವಳಿಗಳಲ್ಲಿ ತಾಯಿಯ ಹೆಸರು ತಲೆಯ ಮೇಲಿದೆ. ಅದೇ ರಾಜ್ಯದ ನಮ್ಮ ಕಡೆ ಹೆಂಡತಿಯ ಹೆಸರು ಬರೆದರೆ ಬರೆದರು, ಬಿಟ್ಟರೆ ಬಿಟ್ಟರು. ನಮ್ಮ ತಂದೆ ತೀರಿಕೊಂಡ ಮೇಲೆ ಮಾಡಿಸಿದ ವಂಶವೃಕ್ಷದಲ್ಲಿ ನನ್ನ ಹೆಸರೂ ನನ್ನ ತಂಗಿಯ ಹೆಸರೂ ಇರಲಿಲ್ಲ. ಕರ್ನಾಟಕವು 1994ರಲ್ಲೇ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ, 2005ರಲ್ಲಿ ಇಡೀ ದೇಶಕ್ಕೆ ಆ ಮಾತು ಬಂತು. ನಮಗೆ ಪಾಲು ಬೇಕಿರಲಿಲ್ಲ. ಹುಟ್ಟಿದ್ದೆವು ಎಂಬ ದಾಖಲೆಯಾದರೂ ಬೇಕಿತ್ತು. ಕೊಟ್ಟವರು ಅದನ್ನು ತಪ್ಪೆಂದೇ ತಿಳಿಯಲಿಲ್ಲ, ಮದುವೆಯಾಗಿ ಹೋದವರಲ್ಲವೇ ಎಂದರು. ನಾನು ಅರ್ಜಿ ಕೊಟ್ಟು ತಿದ್ದಿಸಿದೆ, ಏಳು ತಿಂಗಳು ಹಿಡಿಯಿತು. ಅರ್ಜಿಯ ನಮೂನೆಯಲ್ಲಿ ಪ್ರತಿ ತಲೆಮಾರಿಗೂ ಹೆಂಡತಿಯ ಹೆಸರು, ಅವಳ ತವರೂರು, ಎಲ್ಲ ಹೆಣ್ಣುಮಕ್ಕಳ ಹೆಸರು, ಬದುಕಿರಲಿ ತೀರಿಕೊಂಡಿರಲಿ, ಕಡ್ಡಾಯವೆಂದು ಮಾಡಿ. ಇಂದು ಬರೆಸದಿದ್ದರೆ ನೂರು ವರ್ಷದ ನಂತರ ಇನ್ನೊಬ್ಬಳು "ಅ.ಪಾ.ಕ. ತಾಯಿ" ಎಂಬ ಸಾಲಿನ ಮುಂದೆ ಕುಳಿತು ಅಳುತ್ತಾಳೆ.

ಕಾಗದಕ್ಕಿಂತ ಮೊದಲು ನಮ್ಮ ನಾಡಿನಲ್ಲಿ ಈ ಕೆಲಸ ಮಾಡಿದವರು ಹೆಳವರು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ನಸುಕಿನಲ್ಲಿ ಅಂಗಳದಲ್ಲಿ ನಿಂತು, ನಮ್ಮ ಮನೆತನ ಎಲ್ಲಿಂದ ಎದ್ದು ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ರಾಗವಾಗಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಅಪ್ಪ ಕಾಳು ಕೊಡುತ್ತಿದ್ದ, ಒಳ್ಳೆಯ ಬೆಳೆ ಬಂದ ವರ್ಷ ಕರುವನ್ನೂ ಕೊಟ್ಟದ್ದುಂಟು. ನಮ್ಮ ಮನೆಗೆ ಬರುತ್ತಿದ್ದ ಹೆಳವರ ಮಗನನ್ನು ನಾನು ಹುಡುಕಿಕೊಂಡು ಹೋದೆ. ಅವರು ಹೇಳಿದ ಮುತ್ತಜ್ಜನ ಅಣ್ಣತಮ್ಮಂದಿರ ಕ್ರಮ, ನಾನು ಮೂರು ವರ್ಷ ದಾಖಲೆ ಹುಡುಕಿ ಕಟ್ಟಿದ ಕ್ರಮಕ್ಕೆ ಸರಿಯಾಗಿ ಹೊಂದಿತು. ಹಾಗಂತ ಅವರ ಹೊತ್ತಿಗೆಗಳನ್ನು ಯೋಜನೆಯ ಹೆಸರಿನಲ್ಲಿ ಎತ್ತಿಕೊಂಡು ಹೋಗಿ ಸ್ಕ್ಯಾನ್ ಮಾಡಿಬಿಡಬೇಡಿ. ಅದು ಅವರ ಆಸ್ತಿ, ಅವರ ಅನ್ನ. ಒಪ್ಪಿದವರನ್ನು ಮಾತ್ರ ಕೇಳಿ, ಕೊಟ್ಟವರಿಗೆ ತಕ್ಕ ಸಂಭಾವನೆ ಕೊಡಿ, ಸೂಚಿಯ ಕೆಲಸದಲ್ಲಿ ಅವರ ಮಕ್ಕಳಿಗೇ ಮೊದಲು ಜಾಗ ಕೊಡಿ. ಹೆಸರುಗಳ ನಂಟು ಹಿಡಿಯುವುದರಲ್ಲಿ ಅವರಷ್ಟು ನುರಿತವರನ್ನು ನಾನು ಕಂಡಿಲ್ಲ.

ತಮ್ಮ ಅಧಿಕಾರಿಗಳು ಏನು ಹೇಳುತ್ತಾರೆಂದು ನಾನು ಬಲ್ಲೆ. ಹೆಸರಿನಿಂದ ಹುಡುಕಲು ಬಿಟ್ಟರೆ ಸುಳ್ಳು ವಂಶವೃಕ್ಷ ಸೃಷ್ಟಿಸಿ ಭೂಮಿ ಹೊಡೆಯುವವರು ಹೆಚ್ಚುತ್ತಾರೆ ಎನ್ನುತ್ತಾರೆ. ಭಯ ಸುಳ್ಳಲ್ಲ, ಅಂಥ ಮೋಸಗಳು ನಡೆಯುತ್ತಿವೆ. ಆದರೆ ಮೋಸಗಾರನಿಗೆ ಸರ್ವೆ ನಂಬರ್ ಯಾವತ್ತೂ ಗೊತ್ತಿರುತ್ತದೆ, ಅವನು ಹೊರಡುವುದೇ ಅಲ್ಲಿಂದ. ಈಗಿನ ವ್ಯವಸ್ಥೆ ತಡೆಯುತ್ತಿರುವುದು ಹೊಲದ ಆಸೆಯಿಲ್ಲದ ನನ್ನಂಥವರನ್ನು. 75 ವರ್ಷ ಮೀರಿದ ದಾಖಲೆಗಳನ್ನು ಮಾತ್ರ ತೆರೆಯಿರಿ, ಕೊಡುವ ಪ್ರತಿಯ ಮೇಲೆ "ಮಾಹಿತಿಗಾಗಿ ಮಾತ್ರ, ಹಕ್ಕಿನ ಸಾಕ್ಷ್ಯವಲ್ಲ" ಎಂದು ಮುದ್ರೆ ಒತ್ತಿ. ಮಾಹಿತಿ ಹಕ್ಕು ಕಾಯ್ದೆ ಕೂಡ 20 ವರ್ಷ ಮೀರಿದ ಸಂಗತಿಗಳಿಗೆ ಕೆಲವೇ ನಿರ್ಬಂಧಗಳನ್ನು ಉಳಿಸಿಕೊಂಡಿದೆ. ದತ್ತು, ಎರಡನೆಯ ಮದುವೆ, ಜಾತಿಯ ಹೆಸರುಗಳಂಥ ನೋಯಿಸಬಲ್ಲ ವಿವರಗಳು ಈ ಕಾಗದಗಳಲ್ಲಿವೆ. ಅವನ್ನು ನೋಡಲು ಬಂದವರು ಯಾವ ಮನೆಯವರೆಂದು ಕೇಳುವ ಅಧಿಕಾರ ಕಚೇರಿಗಿರಲಿ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಹಳೆಯ ದಾಖಲೆ ನೋಡುವ ಅವಕಾಶವನ್ನು ಸಂಶೋಧಕರಿಗೆ ಕೊಟ್ಟಿದೆ. ತನ್ನ ಮುತ್ತಜ್ಜಿಯ ಹೆಸರು ಹುಡುಕುವ ಮನುಷ್ಯನಿಗೆ ವಿಶ್ವವಿದ್ಯಾಲಯದ ಪತ್ರ ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಾದರೂ ವಂಶಸ್ಥರು ಎಂಬುದೇ ಒಂದು ಅರ್ಹತೆಯಾಗಲಿ.

ಒಂದು ಕಾರಣಕ್ಕೆ ಈ ಪತ್ರವನ್ನು ಇನ್ನು ತಡಮಾಡದೆ ಬರೆದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಕಟ್ಟುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡುವ ಕೆಲಸ ಈಗ ನಡೆದಿದೆ. ಹಾಳೆ ಕೈಯಲ್ಲಿರುವಾಗಲೇ ಅದರಲ್ಲಿನ ಹೆಸರುಗಳನ್ನು ಬರೆದುಕೊಂಡರೆ ಒಂದೇ ಸಲಕ್ಕೆ ಮುಗಿಯುತ್ತದೆ. ಚಿತ್ರದಲ್ಲಿ ಮಸುಕಾಗಿ ಬಂದ ಅಕ್ಷರವನ್ನು ಹಾಳೆಯನ್ನೇ ಬೆಳಕಿಗೆ ಹಿಡಿದು ಓದಬಹುದು. ಮತ್ತೆ ಕಟ್ಟಿ ಮೇಲಿಟ್ಟ ನಂತರ ಆ ಕಟ್ಟನ್ನು ಇನ್ನೊಮ್ಮೆ ಬಿಚ್ಚಿದರೆ ಹಾಳೆ ತಾಳುವುದಿಲ್ಲ. ಓದುವುದಕ್ಕೆ ಜನ ಬೇಕಿದ್ದರೆ ನಮ್ಮ ತಾಲ್ಲೂಕಿನಲ್ಲಿ ಮೋಡಿ ಬಲ್ಲ ನಿವೃತ್ತ ಶಿಕ್ಷಕರು ನಾನೂ ಸೇರಿ ಮೂವರಿದ್ದೇವೆ. ಸಂಬಳ ಬೇಡ, ಬೆಳಕಿರುವ ಒಂದು ಕೋಣೆ ಕೊಟ್ಟರೆ ಸೋಮವಾರದಿಂದಲೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಲಪ್ರಭೆಯ ದಂಡೆಯ ಒಬ್ಬ ನಿವೃತ್ತ ಶಿಕ್ಷಕಿ